ಸೀಮೆಯಲ್ಲಿ ಗಾಯ ಕಟ್ಟಲು ಕಲಿತ ವರ್ಷ

ಇಂಗ್ಲೆಂಡಿನಿಂದ ಬಂದ ಹೊಸದರಲ್ಲಿ ದೇವರಾಜ ಮೊಹಲ್ಲಾದ ನಮ್ಮ ಬೀದಿಯವರೆಲ್ಲ ಒಬ್ಬರಾದ ಮೇಲೊಬ್ಬರು ಮನೆಗೆ ಬಂದು ಕೂತು ಒಂದೇ ಮಾತು ಕೇಳಿದರು: "ರಾಣೀನ ನೋಡಿದ್ರಾ?"

ನೋಡಲಿಲ್ಲ. ರಾಣಿ ಹಾಗಿರಲಿ, ಅವರ ಅರಮನೆಯ ಗೇಟನ್ನೂ ನೋಡಲಿಲ್ಲ. ಲಂಡನ್ನನ್ನು ನಾನು ಕಂಡದ್ದು ಒಂದು ರೈಲಿನಿಂದ ಇಳಿದು ಇನ್ನೊಂದು ರೈಲು ಹತ್ತುವ ನಡುವೆ, ಅದೂ ಮಂಜಿನೊಳಗೆ. ಹಾಡುಹಗಲೇ ಬೀದಿದೀಪ ಉರಿಯುತ್ತಿದ್ದವು ಎನ್ನುವುದೊಂದು ಬಿಟ್ಟರೆ ಆ ಪಟ್ಟಣದ ಬಗ್ಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಉಳಿದ ದಿನಗಳನ್ನೆಲ್ಲ ಉತ್ತರದ ಒಂದು ಗಿರಣಿ ಊರಿನ ಆಸ್ಪತ್ರೆಯಲ್ಲಿ, ಅದರ ಸುಟ್ಟಗಾಯದ ವಾರ್ಡಿನಲ್ಲಿ, ಬೆಚ್ಚಗಿನ ಉಪ್ಪುನೀರಿನ ತೊಟ್ಟಿಯ ಪಕ್ಕ ಮೊಣಕಾಲೂರಿ ಕಳೆದೆ. ಸೀಮೆಯ ಸೊಗಸನ್ನು ಓದಲು ಬಂದವರು ಮನ್ನಿಸಬೇಕು. ಕಂಡಷ್ಟನ್ನೇ ಹೇಳಬಲ್ಲೆ.

ನನ್ನ ಹೆಸರು ತಾಯಮ್ಮ. ನಮ್ಮದು ನಂಜನಗೂಡು ರಸ್ತೆಯ ಒಂದು ಹಳ್ಳಿ, ಬೇಸಾಯದ ಮನೆ. ಮಗಳು ರತ್ನ ಇನ್ನೂ ಹೊಟ್ಟೆಯಲ್ಲಿರುವಾಗಲೇ ನನ್ನ ಯಜಮಾನರು ಜ್ವರ ಬಂದು ತೀರಿಕೊಂಡರು. ಬಾಣಂತನ ಮುಗಿದೊಡನೆ ನಾನು ಮೈಸೂರಿಗೆ ಬಂದು ನರ್ಸ್ ಕೆಲಸ ಕಲಿತೆ. ಹೊಲವನ್ನು ಅಣ್ಣನ ಕೈಗೆ ಬಿಟ್ಟು ಅವ್ವ ನನ್ನ ಜೊತೆ ಬಂದಳು, ಮಗುವನ್ನು ನೋಡಿಕೊಳ್ಳಲು. ನನಗೆ ಕೆಲಸ ಸಿಕ್ಕಿದ್ದು ಸರ್ಜರಿ ವಾರ್ಡಿನಲ್ಲಿ. ಒಲೆಯ ಮುಂದೆ ಸೆರಗಿಗೆ ಬೆಂಕಿ ತಗುಲಿದ ಹೆಂಗಸರು, ಬಚ್ಚಲಮನೆಯ ಹಂಡೆಯ ನೀರು ಮೈಮೇಲೆ ಸುರಿದುಕೊಂಡ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಬರುವ ಮೊದಲೇ ಮನೆಯವರು ಸುಟ್ಟ ಜಾಗಕ್ಕೆ ಇಂಕೋ ದೋಸೆ ಹಿಟ್ಟೋ ಮೆತ್ತಿರುತ್ತಿದ್ದರು. ಕೆಲವರು ಗಾಯ ಕೀವಾಗಿ ಸಾಯುತ್ತಿದ್ದರು. ಬದುಕಿದವರಲ್ಲಿ ಎಷ್ಟೋ ಜನಕ್ಕೆ ಗದ್ದ ಎದೆಗೆ ಅಂಟಿಕೊಂಡು ಕತ್ತೆತ್ತಲು ಆಗುತ್ತಿರಲಿಲ್ಲ.

ಹೀಗಿರುವಾಗ ನಮ್ಮ ದೊಡ್ಡ ಡಾಕ್ಟರು ನನ್ನನ್ನು ಕೋಣೆಗೆ ಕರೆದರು. ಸುಟ್ಟಗಾಯದ ಆರೈಕೆ ಕಲಿಯಲು ಒಬ್ಬ ನರ್ಸನ್ನು ಒಂದು ವರ್ಷ ಇಂಗ್ಲೆಂಡಿಗೆ ಕಳಿಸುವುದೆಂದು ತೀರ್ಮಾನವಾಗಿತ್ತು. "ನಿಮ್ಮ ಕೈ ಹಗುರ ತಾಯಮ್ಮ, ಅದಕ್ಕೇ ನಿಮ್ಮ ಹೆಸರು ಹೇಳಿದೀನಿ. ಆದರೆ ನಿಮಗೆ ಮಗು ಇದೆ. ಯೋಚನೆ ಮಾಡಿ ಹೇಳಿ" ಅಂದರು.

ಯೋಚನೆ ಮಾಡಿದವಳು ಅವ್ವ. ಅಕ್ಕಿ ಆರಿಸುತ್ತಾ ಕೂತಿದ್ದವಳು ಮೊರ ಕೆಳಗಿಟ್ಟು, "ಹೋಗ್ಬುಟ್ಟು ಬಾ ಕಣಮ್ಮ. ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿ, ಅಷ್ಟೇ ತಾನೆ? ಮಗೀನ ನಾನು ನೋಡ್ಕತೀನಿ" ಅಂದಳು.

ಮೈಸೂರು ಸ್ಟೇಷನ್

ರತ್ನನಿಗೆ ಆಗ ನಾಲ್ಕು ವರ್ಷ. ಅವಳಿಗೆ ಹೊಸ ಫ್ರಾಕು ಹೊಲಿಸಿದ್ದೆ. ಅದೇ ನಾನು ಮಾಡಿದ ಎಡವಟ್ಟು. ಹೊಸ ಬಟ್ಟೆ ಹಾಕಿದ್ದರಿಂದ ತಾನೂ ರೈಲಿಗೆ ಬರುತ್ತೇನೆಂದು ಮಗು ತಿಳಿದುಕೊಂಡಿತು. ಟಾಂಗಾದಲ್ಲಿ ದಾರಿಯುದ್ದಕ್ಕೂ ಸಿಕ್ಕಿದವರಿಗೆಲ್ಲ "ನಾವು ಸೀಮೆಗೆ ಹೋಗ್ತೀವಿ" ಎಂದು ಕೂಗಿ ಹೇಳಿತು. ರೈಲು ಕದಲಿದಾಗ ಅದು ಅವ್ವನ ಸೊಂಟದ ಮೇಲಿತ್ತು. ಮೊದಲು ನಕ್ಕಿತು. ಡಬ್ಬಿ ಮುಂದಕ್ಕೆ ಹೋಗುತ್ತಿದೆ, ತಾನು ಅಲ್ಲೇ ಇದ್ದೇನೆ ಎಂದು ಗೊತ್ತಾದಾಗ ಬಾಯಿ ತೆರೆಯಿತು. ಎರಡೂ ಕೈ ನನ್ನ ಕಡೆಗೆ ಚಾಚಿ, ಬೆನ್ನು ಬಿಲ್ಲಿನಂತೆ ಬಗ್ಗಿಸಿ, ಅವ್ವನ ಕೈಯಿಂದ ಜಾರುವಂತೆ ಒದ್ದಾಡಿತು. ಇಂಜಿನ್ನಿನ ಸದ್ದಿನಲ್ಲಿ ಅಳು ನನಗೆ ಕೇಳಿಸಲೇ ಇಲ್ಲ. ಕೇಳಿಸದ ಆ ಅಳುವನ್ನು ಬೊಂಬಾಯಿಯ ತನಕ ನಾನೇ ಮನಸ್ಸಿನಲ್ಲಿ ಕಟ್ಟಿಕೊಂಡು ಕೇಳಿದೆ.

ಹಡಗಿನ ಮೇಲೆ

ಸಮುದ್ರವನ್ನು ನೋಡಿದ್ದು ಅದೇ ಮೊದಲು. ನೋಡಿ ಖುಷಿಪಡುವಷ್ಟರಲ್ಲಿ ಹೊಟ್ಟೆ ತೊಳೆಸಲು ಶುರುವಾಯಿತು. ಚೇತರಿಸಿಕೊಂಡ ಮೇಲೆ ಊಟದ ಹಾಲಿಗೆ ಹೋದೆ. ಮೇಜಿನ ಮೇಲೆ ಪುಟ್ಟ ಬಟ್ಟಲಲ್ಲಿ ಹಳದಿ ಬಣ್ಣದ್ದೇನೋ ಇತ್ತು. ಗೊಜ್ಜಿರಬೇಕು ಅಂದುಕೊಂಡು ಚಮಚದ ತುಂಬ ಬಾಯಿಗೆ ಹಾಕಿಕೊಂಡೆ. ಅದು ಅರೆದ ಸಾಸಿವೆ. ಕಣ್ಣು ಮೂಗಿನಲ್ಲೆಲ್ಲ ನೀರು ಸುರಿಯಿತು. ಎದುರಿಗೆ ಕೂತಿದ್ದ ಮುದುಕ ದೊರೆ ಗಾಬರಿಯಾಗಿ, ನಾನು ಮನೆಯ ನೆನಪಿಗೆ ಅಳುತ್ತಿದ್ದೇನೆಂದು ತಿಳಿದು, ಮಡಿಸಿದ ಕರವಸ್ತ್ರ ಕೊಟ್ಟು, "ಎಲ್ಲ ಸರಿಹೋಗುತ್ತದೆ ಮಗು" ಅಂದ. ಸಾಸಿವೆಯ ಖಾರ ಇಳಿದ ಮೇಲೂ ನನ್ನ ಅಳು ನಿಲ್ಲಲಿಲ್ಲ. ಅವನು ತಿಳಿದದ್ದು ಪೂರ್ತಿ ತಪ್ಪಾಗಿರಲಿಲ್ಲ ಅಂತ ಕಾಣುತ್ತದೆ.

ಏಡನ್ನಿನಲ್ಲಿ ಹಡಗು ನಿಂತಾಗ ಎಲ್ಲರೂ ಇಳಿದರು. ನಾನು ಕಟಕಟೆ ಹಿಡಿದು ನಿಂತೇ ಇದ್ದೆ. ಎದುರಿಗೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಬೋಳು ಗುಡ್ಡ. ಗುಡ್ಡ ಅಂದರೆ ನನಗೆ ಚಾಮುಂಡಿ ಬೆಟ್ಟ, ಮಳೆಗಾಲದಲ್ಲಿ ಹಸಿರು ಹೊದ್ದು ಮೋಡದೊಳಗೆ ಅರ್ಧ ಮುಳುಗಿದ್ದು. ಅದು ಕಣ್ಣಿಗೆ ಬೀಳದ ಊರಿನಲ್ಲಿ ಯಾವ ದಿಕ್ಕು ಯಾವುದೆಂದು ಜನ ಹೇಗೆ ತಿಳಿಯುತ್ತಾರೋ ಅನ್ನಿಸಿತು.

ಗಿರಣಿ ಊರು

ಆ ಊರಿನ ಬಣ್ಣ ಮಸಿ. ಮನೆ, ಚರ್ಚು, ಮರದ ಬೊಡ್ಡೆ, ಒಗೆದು ಹಾಕಿದ ಬಟ್ಟೆ, ಎಲ್ಲದರ ಮೇಲೂ ಗಿರಣಿಯ ಹೊಗೆ ಕೂತಿತ್ತು. ಎರಡು ಬೀದಿ ನಡೆದು ಬಂದರೆ ನನ್ನ ಸೀರೆಯ ಅಂಚು ಕರಿ ಬಾರ್ಡರಿನದಾಗುತ್ತಿತ್ತು. ಜನ ಮಾತ್ರ ಒಳ್ಳೆಯವರು. ಅವರ ಕಾಲನ್ನು ನಾನು ತುಳಿದರೂ ಅವರೇ 'ಸಾರಿ' ಅನ್ನುತ್ತಿದ್ದರು. ಬಸ್ಸಿನ ಕಂಡಕ್ಟರ್ ಟಿಕೆಟ್ ಕೊಡುತ್ತಾ 'ಲವ್' ಎಂದು ಕರೆದಾಗ ನಾನು ಮುಖ ಸಿಂಡರಿಸಿ ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟೆ. ಉಳಿದ ದಾರಿಯನ್ನು ಮಳೆಯಲ್ಲಿ ನಡೆದೆ. ಅಲ್ಲಿ ಮುದುಕಿಯರನ್ನೂ, ಪೋಸ್ಟಿನವನನ್ನೂ, ನಾಯಿಯನ್ನೂ ಹಾಗೇ ಕರೆಯುತ್ತಾರೆಂದು ಆಮೇಲೆ ಹಾಸ್ಟೆಲಿನವರು ಹೇಳಿ ನಕ್ಕರು.

ಇನ್ನೊಂದು ಸಲ ಹಾಸ್ಟೆಲಿನ ನರ್ಸೊಬ್ಬಳು ತನ್ನ ತಾಯಿಯ ಮನೆಗೆ ಟೀಗೆ ಕರೆದಳು. ಟೀ ತಾನೆ ಎಂದು ನಾನು ಹೊಟ್ಟೆ ತುಂಬ ಊಟ ಮಾಡಿಕೊಂಡೇ ಹೋದೆ. ಅಲ್ಲಿ ನೋಡಿದರೆ ಮೀನು, ಆಲೂಗೆಡ್ಡೆ, ಬ್ರೆಡ್ಡು, ಕೇಕು. ಅವರ ಕಡೆ ಸಾಯಂಕಾಲದ ಊಟಕ್ಕೇ ಟೀ ಅನ್ನುತ್ತಾರಂತೆ. ತಿನ್ನದಿದ್ದರೆ ಆ ತಾಯಿಗೆ ಬೇಸರವಾದೀತೆಂದು ಎಲ್ಲವನ್ನೂ ತಿಂದೆ. ಮಾರನೆಯ ದಿನ ಮಜ್ಜಿಗೆಗಾಗಿ ಊರೆಲ್ಲ ಅಲೆದೆ. ಸಿಗಲಿಲ್ಲ.

ವಾರ್ಡಿಗೆ ಹೋದ ಮೊದಲ ದಿನ ನನಗೆ ಪರಿಚಯದ್ದೆಂದು ಅನ್ನಿಸಿದ್ದು ಒಂದೇ. ನಗಬೇಡಿ, ಅದು ಕೀವಿನ ವಾಸನೆ. ಸುಟ್ಟಗಾಯದಲ್ಲಿ ಹಸಿರು ಬಣ್ಣದ ಒಂದು ಕೀವು ಬರುತ್ತದೆ. ಅದಕ್ಕೆ ಕೊಳೆತ ಹಣ್ಣಿನ ಹಾಗೆ ಸಿಹಿಸಿಹಿಯಾದ ವಾಸನೆ. ಬಾಗಿಲು ತೆರೆದೊಡನೆ ಅದು ಮೂಗಿಗೆ ಬಡಿಯಿತು. ನಮ್ಮ ಮೈಸೂರಿನ ವಾರ್ಡು, ಅದರ ಜಗಲಿಯಲ್ಲಿ ಚಾಪೆ ಹಾಸಿ ಮಲಗಿದ್ದ ರೋಗಿಗಳ ಕಡೆಯವರು, ಅವರು ಮೂರು ಕಲ್ಲಿಟ್ಟು ಬೇಯಿಸುತ್ತಿದ್ದ ಸೊಪ್ಪಿನ ಸಾರು, ಎಲ್ಲ ಒಟ್ಟಿಗೆ ಎದೆಗೆ ನುಗ್ಗಿತು. ಮೂಗು ಮುಚ್ಚಿಕೊಳ್ಳುವ ಜಾಗದಲ್ಲಿ ಉಸಿರೆಳೆದುಕೊಂಡು ನಿಂತವಳನ್ನು ವಾರ್ಡಿನ ಮುಖ್ಯಸ್ಥೆ ಸಿಸ್ಟರ್ ಮಾರ್ಷ್ ವಿಚಿತ್ರವಾಗಿ ನೋಡಿದರು.

ಉಪ್ಪುನೀರಿನ ಕೋಣೆ

ಸಿಸ್ಟರ್ ಮಾರ್ಷ್ ಎತ್ತರದ ಹೆಂಗಸು, ಮದುವೆಯಾಗಿರಲಿಲ್ಲ. ಯುದ್ಧದಲ್ಲಿ ಸುಟ್ಟ ಸೈನಿಕರನ್ನು ನೋಡಿಕೊಂಡವರು. ಮಾತು ಕಡಿಮೆ. ಕಲಿಸುವಾಗ ಮಾತ್ರ ಪ್ರತಿಯೊಂದನ್ನೂ ಬಿಡಿಸಿ ಹೇಳುತ್ತಿದ್ದರು. ಗಾಯವನ್ನು ಕಟ್ಟುವುದಕ್ಕೆ ಮೊದಲು ನೋಡಲು ಕಲಿ ಎನ್ನುವುದು ಅವರ ಮೊದಲ ಪಾಠ. ಅಂಚು ಹೇಗಿದೆ, ತಳ ಹೇಗಿದೆ, ಬೆರಳಿನಿಂದ ಒತ್ತಿದರೆ ಕೆಂಪು ಮಾಯವಾಗಿ ಮತ್ತೆ ಬರುತ್ತದೆಯೋ ಇಲ್ಲವೋ. ಆಮೇಲೆ ಸೂಜಿ. ಸುಟ್ಟ ಜಾಗವನ್ನು ಶುದ್ಧವಾದ ಸೂಜಿಯಿಂದ ಮೆಲ್ಲಗೆ ಮುಟ್ಟಬೇಕು. ರೋಗಿ ಅಯ್ಯೋ ಅಂದರೆ ಚರ್ಮ ಕೆಳಗೆ ಜೀವಂತವಾಗಿದೆ, ತಾನಾಗಿ ಮಾಯುತ್ತದೆ. ಏನೂ ಅನ್ನದಿದ್ದರೆ ಬೆಂಕಿ ಪೂರ್ತಿ ಆಳಕ್ಕೆ ಇಳಿದಿದೆ, ಬೇರೆ ಕಡೆಯ ಚರ್ಮ ತಂದು ಕಸಿ ಮಾಡಬೇಕು.

"ನೋವೇ ಇಲ್ಲ ಅನ್ನುವ ರೋಗಿಯನ್ನು ಕಂಡರೆ ಮನೆಯವರು ಸಂತೋಷಪಡುತ್ತಾರೆ. ನೀನು ಪಡಬೇಡ" ಎಂದರು ಸಿಸ್ಟರ್.

ಜೂಡಿ ಬಂದದ್ದು ಚಳಿಗಾಲ ಶುರುವಾದಾಗ. ನನ್ನ ರತ್ನನ ವಯಸ್ಸಿನವಳೇ. ಕೆಂಗೂದಲು, ಮುಂದಿನ ಒಂದು ಹಲ್ಲು ಮುರಿದಿತ್ತು. ಆ ಊರಿನ ಮನೆಗಳಲ್ಲಿ ಚಳಿ ಕಾಯಿಸಲು ಗೋಡೆಯಲ್ಲೇ ಇದ್ದಲಿನ ಒಲೆ ಇರುತ್ತದೆ. ತಾಯಿ ಇದ್ದಲು ತರಲು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಮಗುವಿನ ಉದ್ದ ಅಂಗಿಗೆ ಕಿಡಿ ಹಾರಿತ್ತು. ಎದೆ, ಹೊಟ್ಟೆ, ಒಂದು ತೋಳು ಸುಟ್ಟಿದ್ದವು. ಅದರ ಮೇಲೆಲ್ಲ ಏನೋ ಜಿಡ್ಡು ಮೆತ್ತಿತ್ತು. ಮುಟ್ಟಿ ನೋಡಿದೆ, ಬೆಣ್ಣೆ. ನಮ್ಮವರು ದೋಸೆ ಹಿಟ್ಟು ಮೆತ್ತಿದರೆ ಇವರು ಬೆಣ್ಣೆ ಮೆತ್ತುತ್ತಾರೆ. ಬಾಗಿಲ ಬಳಿ ನಿಂತಿದ್ದ ಆ ತಾಯಿಯ ಕೈಯಲ್ಲಿ ಇನ್ನೂ ಬೆಣ್ಣೆಯ ಕಾಗದವಿತ್ತು. ಅವಳ ಹೆಸರು ಡೋರಿಸ್, ಗಿರಣಿಯಲ್ಲಿ ಮಗ್ಗ ನಡೆಸುವವಳು.

ಕೆಲವು ಜಾಗದಲ್ಲಿ ಸೂಜಿ ಮುಟ್ಟಿದರೆ ಜೂಡಿ ಕಿರುಚುತ್ತಿದ್ದಳು. ಎದೆಯ ನಡುಭಾಗದಲ್ಲಿ ಮುಟ್ಟಿದಾಗ ಸುಮ್ಮನೆ ನನ್ನ ಮುಖ ನೋಡಿದಳು. ಸಿಸ್ಟರ್ ಮಾರ್ಷ್ ಸೂಜಿಯನ್ನು ತಟ್ಟೆಯಲ್ಲಿಟ್ಟರು.

ದಿನವೂ ಬೆಳಿಗ್ಗೆ ಅವಳನ್ನು ಉಪ್ಪುನೀರಿನ ತೊಟ್ಟಿಯಲ್ಲಿ ಕೂರಿಸಿ, ಪಟ್ಟಿ ನೆನೆದು ತಾನಾಗಿ ಬಿಡುವ ತನಕ ಕಾಯುವುದು ನನ್ನ ಕೆಲಸ. ಮೈಸೂರಿನಲ್ಲಿ ನಾವು ಒಣಗಿದ ಪಟ್ಟಿಯನ್ನು ಸರಕ್ಕನೆ ಎಳೆಯುತ್ತಿದ್ದೆವು. ಅದರೊಂದಿಗೆ ಹೊಸದಾಗಿ ಬಂದ ಚರ್ಮವೂ ಬರುತ್ತಿತ್ತು. ಇಲ್ಲಿ ಅವಸರವಿಲ್ಲ. ನೀರಿನಲ್ಲಿ ಪಟ್ಟಿ ಹೂವಿನ ಎಸಳಿನಂತೆ ತೇಲಿ ಬಿಡುತ್ತಿತ್ತು. ಆಮೇಲೆ ವ್ಯಾಸಲೀನ್ ಸವರಿದ ಬಲೆಬಟ್ಟೆ ಹಾಕಿ, ಮೇಲೆ ಹತ್ತಿಯಿಟ್ಟು ಸುತ್ತಬೇಕು. ಆದರೂ ನೋಯದೆ ಇರುತ್ತದೆಯೇ? ಅವಳು ಅಳುವಾಗ ನನ್ನ ಬಾಯಲ್ಲಿ ಇಂಗ್ಲಿಷ್ ಬರುತ್ತಲೇ ಇರಲಿಲ್ಲ. "ಆಯ್ತು ಕಂದ, ಆಯ್ತು, ಆಗೋಯ್ತು" ಅನ್ನುತ್ತಿದ್ದೆ. ಕೆಲವು ದಿನಗಳಲ್ಲಿ ಅವಳೂ ಹಲ್ಲು ಕಚ್ಚಿಕೊಂಡು "ಆಯ್ತು ಆಯ್ತು" ಅನ್ನಲು ಕಲಿತಳು. ಅದು ನಮ್ಮ ದೇಶದ ಮಂತ್ರವೆಂದು ಪಕ್ಕದ ಹಾಸಿಗೆಯ ಹುಡುಗಿಗೂ ಹೇಳಿಕೊಟ್ಟಳು. ನನ್ನನ್ನು 'ಟಾಯಾ' ಎಂದು ಕರೆಯುತ್ತಿದ್ದಳು.

ಒದ್ದೆ ಕೂದಲನ್ನು ಅವಳ ಕಿವಿಯ ಹಿಂದೆ ಸರಿಸುವಾಗಲೆಲ್ಲ ನನ್ನ ಬೆರಳಿಗೆ ಇನ್ನೊಂದು ತಲೆಯ ನೆನಪಾಗುತ್ತಿತ್ತು. ಸೀಗೆಕಾಯಿಯ ವಾಸನೆಯ ತಲೆ. ಈ ಹೊತ್ತಿಗೆ ಮೈಸೂರಿನಲ್ಲಿ ಮಧ್ಯಾಹ್ನ ಇಳಿದಿರುತ್ತದೆ, ಅವ್ವ ಅವಳಿಗೆ ತಿನ್ನಲು ಏನು ಕೊಟ್ಟಿರುತ್ತಾಳೋ ಎಂದುಕೊಳ್ಳುತ್ತಿದ್ದೆ. ಮರುಕ್ಷಣ, ಬೇರೆಯವರ ಮಗುವನ್ನು ತೊಳೆಯುತ್ತಾ ನನ್ನ ಮಗುವನ್ನು ನೆನೆಯುವುದು ಇಬ್ಬರಿಗೂ ಮೋಸವಲ್ಲವೇ ಅನ್ನಿಸುತ್ತಿತ್ತು.

ಭಾನುವಾರಗಳು

ಆ ಆಸ್ಪತ್ರೆಯಲ್ಲಿ ಮಕ್ಕಳನ್ನು ನೋಡಲು ತಂದೆತಾಯಿ ಬರಬಹುದಾಗಿದ್ದುದು ಭಾನುವಾರ ಮಧ್ಯಾಹ್ನ ಮಾತ್ರ. ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ಹಾಗೇ ಅಂತೆ. ನಮ್ಮ ಡಾಕ್ಟರು ನನ್ನನ್ನು ಕಳಿಸುವಾಗ, "ಅಲ್ಲಿ ವಾರ್ಡಿನೊಳಗೆ ಜನ ನುಗ್ಗದ ಹಾಗೆ ಹೇಗೆ ಇಟ್ಟಿರ್ತಾರೆ, ಅದನ್ನೊಂದು ನೋಡ್ಕೊಂಡು ಬನ್ನಿ" ಎಂದಿದ್ದರು. ನೋಡಿದೆ. ಮೊದಮೊದಲು ಮೆಚ್ಚಿಕೆಯೂ ಆಯಿತು. ಎಷ್ಟು ಶಾಂತಿ, ಎಷ್ಟು ಚೊಕ್ಕಟ.

ಮೊದಲ ಭಾನುವಾರಗಳಲ್ಲಿ ಡೋರಿಸ್ ಹೊರಟಾಗ ಜೂಡಿ ಮಂಚದ ಕಂಬಿ ಹಿಡಿದು ಕಿರುಚುತ್ತಿದ್ದಳು. ಅವಳಿಗೆ ಒಂದು ಸಲ ಕಸಿ ಮಾಡಿಯಾಗಿತ್ತು. ತೊಡೆಯಿಂದ ತೆಳ್ಳಗೆ ಚರ್ಮ ತೆಗೆದು ಎದೆಗೆ ಹಚ್ಚಿದ್ದರು. ಸೋಂಕು ತಗುಲಿ ಅದೆಲ್ಲ ನೆನೆದ ಕಾಗದದ ಹಾಗೆ ಕರಗಿಹೋಯಿತು. ಈಗ ಇನ್ನೊಂದು ತೊಡೆಯಿಂದ ತೆಗೆಯಬೇಕು. ಅದೂ ನಿಲ್ಲದಿದ್ದರೆ ಮಗು ಉಳಿಯುವುದು ಕಷ್ಟವೆಂದು ದೊಡ್ಡ ಸರ್ಜನ್ನರು ಹೇಳಿದ್ದರು. ಜೂಡಿ ಸರಿಯಾಗಿ ತಿನ್ನುತ್ತಿರಲಿಲ್ಲ. ಗಾಯದ ತಳ ಕೆಂಪಗೆ ಹರಳು ಹರಳಾಗಿ ಬರಬೇಕಾದದ್ದು ಬಿಳಿಚಿಕೊಂಡು ಲೋಳೆಯಾಗಿತ್ತು.

ಹೀಗಿರುವಾಗ ಒಂದು ಭಾನುವಾರ ಡೋರಿಸ್ ಒಂದು ಕಿತ್ತಳೆಹಣ್ಣು ಹಿಡಿದುಕೊಂಡು ಬಂದಳು. ಜೂಡಿ ಹಣ್ಣನ್ನು ತೆಗೆದುಕೊಂಡು ಥ್ಯಾಂಕ್ಯೂ ಅಂದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ತಾಯಿ ಕರೆದಳು, ಅವಳು ತಿರುಗಲಿಲ್ಲ. ತಾಯಿ ಎದ್ದು ಹೊರಟಾಗಲೂ ಅಳಲಿಲ್ಲ. ಡೋರಿಸ್ ಹೊರಗೆ ಬಂದು, ಕೈಚೀಲದ ಕೊಂಡಿಯನ್ನು ತೆಗೆಯುತ್ತಾ ಹಾಕುತ್ತಾ ನಿಂತಳು. "ನಿಮ್ಮನ್ನೇನೋ ಕರೀತಾಳಲ್ಲ, ಟಾಯಾ ಅಂತ. ಅದರ ಅರ್ಥವೇನು?" ಎಂದು ಕೇಳಿದಳು.

ತಾಯಿ ಎಂದರೆ ಏನೆಂದು ಆ ಹೊತ್ತಿನಲ್ಲಿ ಅವಳಿಗೆ ಹೇಳಲು ನನ್ನಿಂದ ಆಗಲಿಲ್ಲ. "ಅದು ನಮ್ಮೂರ ದೇವಿಯ ಹೆಸರು" ಅಂದೆ.

ಅದೇ ವಾರ ಅವ್ವನ ಕಾಗದ ಬಂತು. ಎದುರುಮನೆಯ ಮೇಷ್ಟರು ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದು ಕಳಿಸುತ್ತಿದ್ದರು. "ಮೊದಮೊದಲು ದಿನಾ ಬಾಗಿಲಲ್ಲಿ ಕುಂತು ಅಳೋಳು. ಈಗ ಅಳೋದು ಬುಟ್ಟವಳೆ. ನಿನ್ನ ಹೆಸರೂ ಎತ್ತಾಕಿಲ್ಲ. ನೀನು ಎದೆಗುಂದಬೇಡ ಕಣಮ್ಮ, ಅಂಗೇ ಇದ್ದು ಕೆಲಸ ಕಲ್ತು ಬಾ."

ಅವ್ವ ನನ್ನ ಸಮಾಧಾನಕ್ಕೆ ಬರೆಸಿದ್ದು ಅದು. ಓದಿ ಹಾಸಿಗೆಯ ಮೇಲೆ ಕೂತುಬಿಟ್ಟೆ.

ಮರುದಿನ ಸಿಸ್ಟರ್ ಮಾರ್ಷ್ ಅವರ ಕೋಣೆಗೆ ಹೋದೆ. ಅವರು ಟೀ ಕುಡಿಯುತ್ತಿದ್ದರು.

"ಸಿಸ್ಟರ್, ಜೂಡಿ ಭಾನುವಾರ ಅಳಲಿಲ್ಲ."

"ಗಮನಿಸಿದೆ. ಕೊನೆಗೂ ಹೊಂದಿಕೊಂಡಳು. ಒಳ್ಳೆಯ ಹುಡುಗಿ."

"ಸೂಜಿ ಮುಟ್ಟಿದರೆ ಅಳದ ಜಾಗವನ್ನು ನೀವು ಒಳ್ಳೆಯದು ಅನ್ನುವುದಿಲ್ಲ."

ಅವರ ಕೈ ಬಟ್ಟಲಿನ ಮೇಲೇ ನಿಂತಿತು. ಬೈಯುತ್ತಾರೆಂದು ಕಾದೆ.

"ನಿನಗೆ ಮಕ್ಕಳಿದ್ದಾರೆಯೇ, ನರ್ಸ್?"

"ಒಬ್ಬಳು. ಜೂಡಿಯ ವಯಸ್ಸು."

"ಎಲ್ಲಿದ್ದಾಳೆ?"

"ಮೈಸೂರಿನಲ್ಲಿ, ನನ್ನ ತಾಯಿಯ ಹತ್ತಿರ."

ಸಿಸ್ಟರ್ ಎದ್ದು ಕಿಟಕಿಯ ಬಳಿ ಹೋದರು. ಹೊರಗೆ ನೋಡಲು ಗಿರಣಿಯ ಗೋಡೆ ಬಿಟ್ಟು ಏನೂ ಇರಲಿಲ್ಲ. "ಒಂದು ಸಲ ಸೋಂಕಿನಿಂದ ಕಸಿ ಹೋಗಿದೆ. ಹೊರಗಿನವರನ್ನು ಬಿಟ್ಟು ಇನ್ನೊಂದು ಸಲ ಹೋದರೆ ಉತ್ತರ ಹೇಳಬೇಕಾದವಳು ನಾನು" ಅಂದರು.

"ನಮ್ಮ ಊರಿನಲ್ಲಿ ತಾಯಂದಿರು ಹಾಸಿಗೆಯ ಪಕ್ಕದಲ್ಲೇ ಇರುತ್ತಾರೆ, ಸಿಸ್ಟರ್. ನಮ್ಮಲ್ಲಿ ಸೋಂಕು ಜಾಸ್ತಿ, ನಿಜ. ಆದರೆ ಯಾವ ಮಗುವೂ ತಾಯಿಯನ್ನು ಕಂಡು ಗೋಡೆಯ ಕಡೆ ತಿರುಗಿದ್ದನ್ನು ನಾನು ನೋಡಿಲ್ಲ. ಕೈ ತೊಳೆಯುವುದನ್ನು ಹೇಳಿಕೊಡಬಹುದು."

ಅವರು ಕಿಟಕಿಯಿಂದ ತಿರುಗಿ, "ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುವುದನ್ನೂ ಹೇಳಿಕೊಡು. ಮೊಣಕೈ ತನಕ ತೊಳೆಸು. ನಾನೇ ನಿಂತು ನೋಡುತ್ತೇನೆ" ಅಂದರು.

ಡೋರಿಸ್ ಗಿರಣಿಯಲ್ಲಿ ಸಂಜೆಯ ಪಾಳಿಗೆ ಬದಲಾಯಿಸಿಕೊಂಡು ಬೆಳಿಗ್ಗೆ ತೊಟ್ಟಿಯ ಹೊತ್ತಿಗೆ ಬರತೊಡಗಿದಳು. ಮೊದಲ ದಿನ ಜೂಡಿ ಅವಳ ಕೈಯನ್ನು ಕಚ್ಚಿದಳು. ಎರಡನೆಯ ದಿನ ನನ್ನ ಕತ್ತು ಹಿಡಿದುಕೊಂಡು ಆ ಕಡೆ ನೋಡಲೇ ಇಲ್ಲ. ಡೋರಿಸ್ ಅತ್ತಳು. ಕಣ್ಣೊರೆಸಿಕೊಂಡರೆ ಮತ್ತೆ ಕೈ ತೊಳೆಯಬೇಕಾಗುತ್ತದೆಂದು ಒರೆಸಿಕೊಳ್ಳದೆ ಅತ್ತಳು. ನಾನು ದಿನಕ್ಕಿಷ್ಟು ಹಿಂದೆ ಸರಿದೆ. ನೀರು ಹಾಕುವುದನ್ನು ಅವಳಿಗೆ ಬಿಟ್ಟೆ, ಆಮೇಲೆ ಮಗುವನ್ನು ಹಿಡಿದುಕೊಳ್ಳುವುದನ್ನು ಬಿಟ್ಟೆ. ಪಟ್ಟಿ ಬಿಡಿಸುವುದೊಂದನ್ನು ಉಳಿಸಿಕೊಂಡೆ. ಜೂಡಿಯ ತೋಳು ನನ್ನ ಕತ್ತಿನಿಂದ ಕಳಚಿ ಇನ್ನೊಂದು ಕತ್ತಿಗೆ ಹೋದದ್ದು ನಾನು ಬಯಸಿದ್ದೇ. ಆದರೂ ಆ ಬೆಳಿಗ್ಗೆ ನನ್ನ ಕತ್ತು ಬರಿದಾದ ಹಾಗೆ ಅನ್ನಿಸಿತು.

ಅದಾದ ಮೇಲೊಂದು ದಿನ ಡೋರಿಸ್ ಹೊರಡಲು ಎದ್ದಾಗ ವಾರ್ಡು ಒಡೆದುಹೋಗುವಂತೆ ಜೂಡಿ ಕಿರುಚಿದಳು. "ಹೋಗಬೇಡ, ಮಮ್, ಹೋಗಬೇಡ!" ಕಂಬಿ ಹಿಡಿದು ಅಲುಗಾಡಿಸಿದಳು. ಬೇರೆ ನರ್ಸುಗಳು ಓಡಿಬಂದರು. ಸಿಸ್ಟರ್ ಮಾರ್ಷ್ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದರು.

ಹೊಸ ಚರ್ಮ

ಎರಡನೆಯ ಕಸಿ ಆಯಿತು. ಪಟ್ಟಿಯನ್ನು ಹೇಳಿದ ದಿನದ ತನಕ ಬಿಚ್ಚುವಂತಿಲ್ಲ. ಬಿಚ್ಚಿ ನೋಡಬೇಕೆಂಬ ಆಸೆಯನ್ನು ತಡೆದುಕೊಳ್ಳುವುದೇ ಆ ಕೆಲಸದಲ್ಲಿ ಅತಿ ಕಷ್ಟದ್ದು. ದಿನವೂ ಬಗ್ಗಿ ಮೂಸುತ್ತಿದ್ದೆ. ಆ ಹಸಿರು ಕೀವಿನ ವಾಸನೆ ಬರದಿರಲಿ ಎಂದು ಊರಿನ ದೇವರನ್ನೆಲ್ಲ ನೆನೆಯುತ್ತಿದ್ದೆ. ಡೋರಿಸ್ ಮಂಚದ ಪಕ್ಕ ಕೂತು ಮಗುವಿಗೆ ಚಮಚದಲ್ಲಿ ಗಂಜಿಯಂಥದ್ದೇನೋ ತಿನ್ನಿಸುತ್ತಿದ್ದಳು. ಜೂಡಿ ತಿನ್ನುತ್ತಿದ್ದಳು.

ಬಿಚ್ಚುವ ದಿನ ದೊಡ್ಡ ಸರ್ಜನ್ನರೇ ಬಂದರು. ಕೊನೆಯ ಪದರವನ್ನು ನಾನು ಎತ್ತಿದೆ. ಒಂದು ಮೂಲೆಯಲ್ಲಿ ಚರ್ಮ ಬೂದುಬಣ್ಣಕ್ಕೆ ತಿರುಗಿ ಹೋಗಿತ್ತು. ಮಿಕ್ಕದ್ದೆಲ್ಲ ಎಳೆ ಮಾವಿನ ಚಿಗುರಿನ ಬಣ್ಣ. ಸರ್ಜನ್ನರು ಬೆರಳಿನಿಂದ ಒತ್ತಿ ಬಿಟ್ಟರು. ಬಿಳಿಚಿ, ಮತ್ತೆ ಕೆಂಪಾಯಿತು. "ಹಿಡಿದಿದೆ" ಅಂದರು. ಸಿಸ್ಟರ್ ಮಾರ್ಷ್ ಮುಖದ ಬಟ್ಟೆ ಸರಿಮಾಡಿಕೊಳ್ಳುವವರಂತೆ ಆ ಕಡೆ ತಿರುಗಿದರು.

ಆ ವಾರವೇ ಸರ್ಜನ್ನರು ನನ್ನನ್ನು ಕರೆದು ಇನ್ನೊಂದು ವರ್ಷ ಇರಲು ಹೇಳಿದರು. ಆಪರೇಷನ್ ಕೋಣೆಯ ಕೆಲಸ ಕಲಿತರೆ ಮೈಸೂರಿನಲ್ಲಿ ಒಂದು ಪೂರ್ತಿ ವಾರ್ಡನ್ನೇ ನಡೆಸಬಹುದೆಂದರು. ಹೇಳಿದ್ದು ನಿಜ. ಆಸೆಯೂ ಆಯಿತು. ಗದ್ದ ಎದೆಗೆ ಅಂಟಿಕೊಂಡ ನಮ್ಮ ಹೆಂಗಸರು ಕಣ್ಣಮುಂದೆ ಬಂದರು. ಆದರೂ ಬೇಡವೆಂದೆ. ಆ ವರ್ಷ ಉಳಿದಿದ್ದರೆ ಎಂದು ಈಗಲೂ ಕೆಲವು ಸಲ ವಾರ್ಡಿನಲ್ಲಿ ನಿಂತಾಗ ಅನ್ನಿಸುತ್ತದೆ, ಸುಳ್ಳು ಹೇಳುವುದಿಲ್ಲ.

ಜೂಡಿ ಮನೆಗೆ ಹೊರಟ ದಿನ ತಾಯಿಯ ಕೈ ಹಿಡಿದು ಹೋದಳು. ಬಾಗಿಲು ದಾಟಿದ ಮೇಲೆ ತಿರುಗಿ ನೋಡಲಿಲ್ಲ. ಬಿಸಿಲಿತ್ತು. ಆ ಊರಿನಲ್ಲಿ ನಾನು ಕಂಡ ಮೊದಲ ನಿಜವಾದ ಬಿಸಿಲು ಅದು.

ದೇವರಾಜ ಮೊಹಲ್ಲಾ

ಮೈಸೂರು ಸ್ಟೇಷನ್ನಿನಲ್ಲಿ ಇಳಿದಾಗ ಬಿಸಿಗಾಳಿಗೆ ಹುರಿಗಡಲೆಯ ವಾಸನೆ ಸೇರಿಕೊಂಡಿತ್ತು. ಅವ್ವ ನನ್ನ ಕೆನ್ನೆ ಸವರಿ, "ಎಂಗಾಗೋಗಿದ್ದೀಯೆ, ಬೆಳ್ಳಗೆ ಬಿಳಿಚ್ಕಂಡು!" ಎಂದು ಅತ್ತಳು. ಅವಳ ಹಿಂದಿನಿಂದ ಉದ್ದವಾಗಿ ಬೆಳೆದ ಒಂದು ಹುಡುಗಿ ಮುಂದೆ ಬಂತು. ಕೈ ಜೋಡಿಸಿ, "ನಮಸ್ಕಾರ" ಅಂದಿತು.

ಎಷ್ಟು ಮರ್ಯಾದೆಯಿಂದ ಅಂದಿತು. ಆಸ್ಪತ್ರೆಗೆ ಬಂದ ಯಾರೋ ದೊಡ್ಡ ಮನುಷ್ಯರಿಗೆ ಅಂದ ಹಾಗೆ. ನಾನು ಎತ್ತಿಕೊಳ್ಳಲು ಹೋದೆ. ಮೈ ಬಿಗಿಮಾಡಿಕೊಂಡು ಎತ್ತಿಸಿಕೊಂಡಿತು. ಸ್ವಲ್ಪ ಹೊತ್ತಾದ ಮೇಲೆ, "ಇಳ್ಸಿ" ಅಂದಿತು.

ನನ್ನ ಮಗಳು ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದಳು. ಬೀದಿಯ ಮಕ್ಕಳ ಹತ್ತಿರ ನನ್ನನ್ನು 'ಸೀಮೆ ಅಮ್ಮ' ಅನ್ನುತ್ತಿದ್ದಳು. ಜ್ವರ ಬಂದರೆ, ಹಸಿವಾದರೆ, ಯಾರಾದರೂ ಹೊಡೆದರೆ 'ಅವ್ವಾ' ಎಂದು ಅಜ್ಜಿಯ ಕಡೆ ಓಡುತ್ತಿದ್ದಳು. ಅವ್ವ ನಾಚಿಕೊಂಡು, "ಅವಳೇ ಕಣೆ ನಿನ್ನ ಅಮ್ಮ, ಹೋಗು ಅವಳ ತಾವು" ಎಂದು ದೂಡಿದರೆ ನಾನು ತಡೆಯುತ್ತಿದ್ದೆ. "ದೂಡ್ಬೇಡ ಅವ್ವ. ತಾನಾಗೇ ಬರ್ಲಿ."

"ಬರ್ದೆ ಇದ್ರೆ?"

"ಬರ್ತಾಳೆ ಬುಡು." ಹಾಗೆ ಹೇಳಿದೆನೇ ಹೊರತು ನನಗೆ ನಂಬಿಕೆಯಿರಲಿಲ್ಲ.

ಆಸ್ಪತ್ರೆಯಲ್ಲಿ ಕೆಲಸ ಶುರುವಾಯಿತು. ಉಪ್ಪುನೀರಿಗೆ ಒಂದು ಹಳೆಯ ತಗಡಿನ ತೊಟ್ಟಿ ಹುಡುಕಿದೆವು. ಜನ ನುಗ್ಗದ ಹಾಗೆ ಇಡುವ ಉಪಾಯವೇನೆಂದು ದೊಡ್ಡ ಡಾಕ್ಟರು ಕೇಳಿದಾಗ, ಮಕ್ಕಳ ತಾಯಂದಿರನ್ನು ಹೊರಗೆ ಕಳಿಸುವುದು ಬೇಡ, ಬಾಗಿಲಲ್ಲಿ ಸೋಪು ನೀರು ಇಡೋಣ ಅಂದೆ. ಅವರು ಗೊಣಗಿದರು, ಆದರೆ ಇಡಿಸಿದರು. ಸಂಜೆ ಮನೆಗೆ ಬಂದರೆ ರತ್ನ ಜಗಲಿಯ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ. ಇಂಗ್ಲೆಂಡಿನಲ್ಲಿ ಸಮುದ್ರದ ಆಚೆಗಿದ್ದವಳನ್ನು ಹಂಬಲಿಸಿದ್ದೆ. ಈಗ ಕೈಗೆಟಕುವಷ್ಟು ದೂರದಲ್ಲಿದ್ದವಳನ್ನು ಹಂಬಲಿಸುತ್ತಾ ಕೂತಿರುತ್ತಿದ್ದೆ. ಇದೇ ಹೆಚ್ಚು ಕಷ್ಟವಾಗಿತ್ತು.

ಮಳೆಗಾಲ ಬಂತು. ರತ್ನನನ್ನು ಶಾಲೆಗೆ ಸೇರಿಸಿದೆವು. ಒಂದು ಬೆಳಿಗ್ಗೆ ಅವ್ವ ರಾಗಿಹಿಟ್ಟು ಕಲೆಸುತ್ತಿದ್ದಳು, ಎರಡೂ ಕೈ ಹಿಟ್ಟಾಗಿತ್ತು. ಶಾಲೆಗೆ ಹೊತ್ತಾಗಿತ್ತು. ರತ್ನ ಬಾಚಣಿಗೆ, ಕೆಂಪು ಟೇಪು ಹಿಡಿದುಕೊಂಡು ಸ್ವಲ್ಪ ಹೊತ್ತು ನಡುಮನೆಯಲ್ಲೇ ನಿಂತಳು. ಆಮೇಲೆ ಬಂದು ನನ್ನ ಮುಂದೆ ಬೆನ್ನು ಹಾಕಿ ಕೂತಳು. ಬಾಚಣಿಗೆಯನ್ನು ಹಿಂದಕ್ಕೆ ಚಾಚಿದಳು.

ನಾನು ಬೈತಲೆ ತೆಗೆದು, ಸಿಕ್ಕು ಬಿಡಿಸಿ, ಹೆಣೆಯಲು ತೊಡಗಿದೆ. ಒಲೆಯ ಮುಂದೆ ಅವ್ವನ ಕೈ ನಿಂತುಹೋಯಿತು.

"ಯಾಕೋಗಿದ್ದೆ?" ಎಂದಳು ರತ್ನ, ಗೋಡೆಯ ಕಡೆ ನೋಡುತ್ತಾ. ಏಕವಚನದಲ್ಲಿ.

"ಗಾಯ ಕಟ್ಟೋದು ಕಲಿಯೋಕೆ."

"ಕಲ್ತ್ಯಾ?"

"ಸ್ವಲ್ಪ."

"ಇನ್ನೂ ಕಲಿಯೋದೈತಾ?"

"ಐತೆ. ಇಲ್ಲೇ ಕಲೀತೀನಿ."

ನಾನು ಟೇಪನ್ನು ಸುತ್ತಿ ಹೂವಿನ ಗಂಟು ಹಾಕಿದೆ. ಅವಳು ಕೈ ಹಿಂದೆ ತಂದು ಗಂಟನ್ನು ಮುಟ್ಟಿ ನೋಡಿ, ತಲೆ ಅಲ್ಲಾಡಿಸಿ ನೋಡಿದಳು.

"ಇದು ಬಿಚ್ಚೋಗುತ್ತೆ ಕಣಮ್ಮ," ಅಂದಳು. "ಇನ್ನೂ ಬಿಗಿಯಾಗಿ ಕಟ್ಟು."